ಪದಕ್ಕೊಂದು ಪಹಣಿ

ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಉಪನಗರಕ್ಕೆ ಅಂಟಿಕೊಂಡಂತೆ ಅಟ್ಟೂರು ಎಂಬ ಊರಿದೆ. ಒಂದು ಕಾಲಕ್ಕೆ ಕೆರೆಯೂ ಹೊಲಗದ್ದೆಯೂ ಇದ್ದ ಹಳ್ಳಿ. ಈಗ ಬಡಾವಣೆಗಳ ನಡುವೆ ಕರಗಿಹೋಗಿರುವ ಹೆಸರು. ಮಹಾನಗರ ಪಾಲಿಕೆಯಲ್ಲಿ 198 ವಾರ್ಡುಗಳಿದ್ದ ಕಾಲದಲ್ಲಿ ಅದು 3ನೆಯ ವಾರ್ಡಾಗಿತ್ತು. ಈ ಊರಿನ ಹಳೆಯ ಸಂಗತಿ ಏನಾದರೂ ಸಿಕ್ಕೀತೆಂದು ಗಣಕಯಂತ್ರದ ಮುಂದೆ ಕುಳಿತು, ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದು ಹುಡುಕಿದವರಿಗೆ ಕಾರ್ಕಳದ ಬಳಿಯ ಸಂತ ಲಾರೆನ್ಸರ ಇಗರ್ಜಿಯೂ ಸಿಗುತ್ತದೆ, ತಮಿಳುನಾಡಿನ ಸೇಲಂ ಜಿಲ್ಲೆಯ ತಾಲೂಕು ಕೇಂದ್ರವೊಂದೂ ಸಿಗುತ್ತದೆ. ಕಾರ್ಕಳದ್ದು ಅತ್ತೂರು, ಸೇಲಂ ಕಡೆಯದು ಆತ್ತೂರು, ಯಲಹಂಕದ್ದು ಅಟ್ಟೂರು. ಕನ್ನಡದಲ್ಲಿ ಬರೆದರೆ ಮೂರೂ ಬೇರೆ ಬೇರೆ. ಇಂಗ್ಲಿಷಿನಲ್ಲಿ ಬರೆದ ಕೂಡಲೇ ತಕಾರ ಟಕಾರದ ಭೇದ ಹೋಯಿತು, ಹ್ರಸ್ವ ದೀರ್ಘಗಳ ಭೇದವೂ ಹೋಯಿತು. ಮೂರು ಊರು ಸೇರಿ ಒಂದೇ ಊರಾಯಿತು.

ಇದು ಯಂತ್ರದ ದಡ್ಡತನ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಯಂತ್ರ ಮಾಡಿದ್ದು ಕೇಳಿದ್ದನ್ನಷ್ಟೇ: ಅಕ್ಷರಗಳ ಒಂದು ಸಾಲನ್ನು ಕೊಟ್ಟರು, ಆ ಸಾಲು ಇರುವ ಪುಟಗಳನ್ನು ಅದು ತಂದು ಹಾಕಿತು. ಆ ಪದ ಯಾವ ತಾಲೂಕಿನದು, ಯಾವ ಕಾಲದ್ದು, ಯಾರ ಬಾಯಲ್ಲಿ ಬಂದದ್ದು, ಅದರ ಹಿಂದೆ ಮುಂದೆ ಯಾವ ಪದಗಳಿವೆ ಎಂಬುದನ್ನು ಕೇಳಲೂ ಇಲ್ಲ, ಅದು ಹೇಳಲೂ ಇಲ್ಲ. ಪದ ಸಿಗುವುದು ಒಂದು ಕೆಲಸ, ಪದದ ವಿಳಾಸ ಸಿಗುವುದು ಇನ್ನೊಂದು. ಎರಡನೆಯದಕ್ಕೆ ದೀರ್ಘವಾದ ಚರಿತ್ರೆಯಿದೆ, ಅದರಲ್ಲಿ ಕನ್ನಡದ ಪಾಲೂ ಸಣ್ಣದಲ್ಲ.

ಗಣಕದ ಶೋಧನೆ ನಡೆಯುವ ಬಗೆಯನ್ನು ಮೊದಲು ನೋಡೋಣ. ನಾವು ಒಂದು ಪದವನ್ನು ಕೇಳಿದಾಗ ಯಂತ್ರ ಲಕ್ಷಾಂತರ ಪುಟಗಳನ್ನು ಆಗಿಂದಾಗ್ಗೆ ಓದುವುದಿಲ್ಲ. ಓದುವ ಕೆಲಸ ಮೊದಲೇ ಮುಗಿದಿರುತ್ತದೆ. ಪ್ರತಿಯೊಂದು ಪದಕ್ಕೂ ಒಂದು ಖಾತೆ ತೆರೆದು, ಅದು ಯಾವ ಯಾವ ಪುಟದಲ್ಲಿದೆ, ಪ್ರತಿ ಪುಟದಲ್ಲಿ ಎಷ್ಟು ಸಲ ಬಂದಿದೆ, ಎಷ್ಟನೆಯ ಪದವಾಗಿ ಬಂದಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಹಳ್ಳಿಯ ಕಡೆಯ ಓದುಗರಿಗೆ ಇದನ್ನು ಪದದ ಪಹಣಿ ಎಂದರೆ ಕೂಡಲೇ ತಿಳಿದೀತು. ಸರ್ವೆ ನಂಬರು, ವಿಸ್ತೀರ್ಣ, ಅನುಭವದಾರರು, ಬೆಳೆ ಎಲ್ಲವೂ ಒಂದೇ ಹಾಳೆಯಲ್ಲಿ ಇರುವ ಹಾಗೆ ಇಲ್ಲಿ ಪದದ ಸಮಸ್ತ ವಿವರವೂ ಇರುತ್ತದೆ. ಸ್ವಾರಸ್ಯವೆಂದರೆ, ಸಾಮಾನ್ಯವಾಗಿ ಪ್ರಶ್ನೆ ಕೇಳಿದವರಿಗೆ ಈ ಹಾಳೆ ಕಾಣಿಸುವುದಿಲ್ಲ. ಯಾವ ಪುಟ ಮೊದಲು, ಯಾವುದು ಆಮೇಲೆ ಎಂಬ ಲೆಕ್ಕಕ್ಕೆ ಯಂತ್ರ ಅದನ್ನು ಒಳಗೇ ಬಳಸಿ ಮುಚ್ಚಿಡುತ್ತದೆ. ಅಪರೂಪದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಸಿಗುವ ಪದಕ್ಕೆ ಕಡಿಮೆ ತೂಕ ಕೊಡಬೇಕೆಂಬ ಸೂತ್ರವನ್ನು ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬಾಕೆ 1972ರಲ್ಲಿ ಹೇಳಿದರು. ಇವತ್ತಿಗೂ ಶೋಧಕ ಯಂತ್ರಗಳು ಆ ಸೂತ್ರವನ್ನೋ ಅದರ ಮಕ್ಕಳು ಮೊಮ್ಮಕ್ಕಳನ್ನೋ ನಂಬಿಕೊಂಡಿವೆ.

ಪಹಣಿಯನ್ನೇ ಹೊರಗೆ ತೆಗೆದು ಓದುವ ದಾರಿಯೂ ಇದೆ. ಡಗ್ ಕಟಿಂಗ್ ಎಂಬ ಅಮೆರಿಕದ ತಂತ್ರಜ್ಞ 1990ರ ದಶಕದ ಕೊನೆಯಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಲೂಸೀನ್ ಎಂಬ ಶೋಧನ ತಂತ್ರಾಂಶ ಇಂದು ಅಸಂಖ್ಯ ಸಂಸ್ಥೆಗಳಲ್ಲಿ ತೆರೆಯ ಹಿಂದೆ ದುಡಿಯುತ್ತಿದೆ. ಅದರಲ್ಲಿ ಪದದ ಪ್ರತಿಯೊಂದು ಬಳಕೆಯ ಬೆನ್ನಿಗೂ ಒಂದು ಸಣ್ಣ ಚೀಟಿಯನ್ನು ಅಂಟಿಸಬಹುದು. ಇದು ನಾಮಪದ, ಇದು ಊರಿನ ಹೆಸರು, ಇದು ಎರಡನೆಯ ಸಾಲಿನಲ್ಲಿದೆ, ಇಲ್ಲಿ ಕಲ್ಲು ಒಡೆದಿದೆ ಎಂದು ಏನು ಬೇಕಾದರೂ ಅದರಲ್ಲಿ ಬರೆಯಬಹುದು. ಆಮೇಲೆ ತಮ್ಮದೇ ಪ್ರಶ್ನಾಕ್ರಮವನ್ನು ರಚಿಸಿಕೊಂಡು ಆ ಚೀಟಿಗಳನ್ನು ಓದಬಹುದು. ಆದರೆ ಚೀಟಿಯಲ್ಲಿ ಬರೆಯುವವರು ಯಾರು? ಯಂತ್ರ ಅದನ್ನು ತಾನಾಗಿ ಬರೆಯದು.

ಬರೆಯುವ ಕೆಲಸ ಮಾತ್ರ ಬಹಳ ಹಳೆಯದು. ವೇದಗಳನ್ನು ಬಾಯಿಪಾಠವಾಗಿ ಕಾಪಾಡಿದವರು ಅನುಕ್ರಮಣಿಗಳೆಂಬ ಗ್ರಂಥಗಳನ್ನು ಕಟ್ಟಿದರು. ಕಾತ್ಯಾಯನನ ಸರ್ವಾನುಕ್ರಮಣಿ ಋಗ್ವೇದದ ಪ್ರತಿ ಸೂಕ್ತದ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸುಗಳನ್ನು ಹೇಳುತ್ತದೆ. ಶೌನಕನ ಹೆಸರಿನಲ್ಲಿ ಬಂದಿರುವ ಲೆಕ್ಕದ ಪ್ರಕಾರ ಋಗ್ವೇದದಲ್ಲಿರುವ ಪದಗಳು 1,53,826, ಅಕ್ಷರಗಳು 4,32,000. ಹೀಗೆ ಎಣಿಸಿಟ್ಟದ್ದು ಪಾಂಡಿತ್ಯದ ಚಪಲಕ್ಕಲ್ಲ, ಒಂದು ಪದವೂ ಕಳೆದುಹೋಗಬಾರದು ಎಂಬ ಎಚ್ಚರಕ್ಕೆ. ಯೂರೋಪಿನಲ್ಲಿ 13ನೆಯ ಶತಮಾನದ ಪ್ಯಾರಿಸ್ಸಿನ ಡೊಮಿನಿಕನ್ ಸನ್ಯಾಸಿಗಳು, ಸೇಂಟ್ ಶೇರಿನ ಹ್ಯೂ ಎಂಬುವರ ಮುಂದಾಳುತನದಲ್ಲಿ, ಲ್ಯಾಟಿನ್ ಬೈಬಲ್ಲಿನ ಪದಸೂಚಿ ಸಿದ್ಧಪಡಿಸಿದರು. ಆಗ ಬೈಬಲ್ಲಿಗೆ ವಾಕ್ಯಸಂಖ್ಯೆಗಳೇ ಇರಲಿಲ್ಲ. ಅದಕ್ಕಾಗಿ ಪ್ರತಿ ಅಧ್ಯಾಯವನ್ನು ಮನಸ್ಸಿನಲ್ಲೇ ಏಳು ಪಾಲು ಮಾಡಿ, ಪಾಲಿಗೊಂದು ಅಕ್ಷರ ಕೊಟ್ಟು, ಪದ ಎಲ್ಲಿದೆಯೆಂದು ತೋರಿಸಿದರು. ವಿಳಾಸ ಬರೆಯಬೇಕಾದರೆ ಮೊದಲು ಬೀದಿಗೆ ನಂಬರು ಹಾಕಬೇಕಲ್ಲವೆ?

ಅದೇ ಶತಮಾನದಲ್ಲಿ ಕನ್ನಡದಲ್ಲಿ ಏನು ನಡೆಯಿತು? ಮಲ್ಲಿಕಾರ್ಜುನನೆಂಬ ವಿದ್ವಾಂಸ ಹಿಂದಿನ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ. ಅವನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದು, ಸೂತ್ರಸೂತ್ರಕ್ಕೂ ಹಿಂದಿನ ಕವಿಗಳ ಪ್ರಯೋಗಗಳನ್ನು ಉದಾಹರಿಸಿದ. ತಂದೆಮಕ್ಕಳ ಈ ಎರಡು ಗ್ರಂಥಗಳು ಇಲ್ಲದಿದ್ದರೆ ಹಳಗನ್ನಡದ ಎಷ್ಟೋ ಪದ್ಯಗಳು ನಮಗೆ ಸಿಗುತ್ತಲೇ ಇರಲಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇಡಿಯಾಗಿ ಉಳಿದಿಲ್ಲ, ಇಂಥ ಕಡೆ ಚೆದರಿ ಉಳಿದ ಪದ್ಯಗಳಿಂದಲೇ ಅವುಗಳ ರುಚಿ ಗೊತ್ತು. ಆದರೆ ಸಂಕಲನದಲ್ಲಿ ಪದ್ಯದ ಕೆಳಗೆ ಕವಿಯ ಹೆಸರಿಲ್ಲ. ವ್ಯಾಕರಣದಲ್ಲಿ ಬಹುಪಾಲು ಉದಾಹರಣೆಗಳಿಗೆ ಇದು ಇಂಥವರದು ಎಂಬ ಸೂಚನೆಯಿಲ್ಲ. ಆ ಕಾಲದ ಓದುಗರಿಗೆ ಅದು ಬೇಕಿರಲಿಲ್ಲ ಎನ್ನಿ. ಪದ್ಯ ಕೇಳಿದರೆ ಕವಿ ನೆನಪಾಗುತ್ತಿದ್ದ ಕಾಲ. ಏಳು ಶತಮಾನ ಕಳೆದ ಮೇಲೆ ಆ ನೆನಪು ಎಲ್ಲಿಂದ ಬರಬೇಕು? ಇಪ್ಪತ್ತನೆಯ ಶತಮಾನದ ವಿದ್ವಾಂಸರು ಒಂದೊಂದು ಉದಾಹರಣೆಯನ್ನೂ ಹಿಡಿದು, ಸಿಕ್ಕ ಹಸ್ತಪ್ರತಿಗಳಲ್ಲೆಲ್ಲ ತಡಕಾಡಿ ಆಕರಗಳನ್ನು ಗುರುತಿಸಬೇಕಾಯಿತು. ಗುರುತು ಹತ್ತದೆ ಉಳಿದ ಪದ್ಯಗಳು ಇನ್ನೂ ಇವೆ. ಪದ್ಯ ಕೈಯಲ್ಲಿದೆ, ಕವಿ ಇಲ್ಲ.

ಕೇಶಿರಾಜನಿಗೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಿಳಾಸದ ವಿಷಯದಲ್ಲಿ ಉದಾಸೀನನಾದ ಆತ ಅಕ್ಷರದ ವಿಷಯದಲ್ಲಿ ಬಹಳ ಜಾಗರೂಕ. ಅವನ ಕಾಲಕ್ಕೆ ‘ೞ’ ಅಕ್ಷರ ಆಡುಮಾತಿನಲ್ಲಿ ಸವೆದು ಳಕಾರದಲ್ಲೋ ರೇಫೆಯಲ್ಲೋ ಸೇರಿಹೋಗುತ್ತಿತ್ತು. ರಳ, ಕುಳ, ಕ್ಷಳ ಎಂದು ಭೇದಗಳನ್ನು ಹೇಳಿ, ನಿಜವಾದ ‘ೞ’ ಇರುವ ಪದಗಳ ಪಟ್ಟಿಯನ್ನೇ ಅವನು ಕೊಟ್ಟ. ಪದದ ಬೆನ್ನಿಗೆ ಚೀಟಿ ಅಂಟಿಸುವುದೆಂದರೆ ಇದೇ.

ವಿಳಾಸದ ಶಿಸ್ತು ಕನ್ನಡಕ್ಕೆ ಮುದ್ರಣದೊಂದಿಗೆ ಬಂದಿತು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ರೆವರೆಂಡ್ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅರ್ಥ ಹೇಳಿ ಸುಮ್ಮನಾಗುವ ನಿಘಂಟಲ್ಲ ಅದು. ಪದ ಎಲ್ಲಿ ದೊರೆಯಿತೆಂದು ಗ್ರಂಥದ ಸಂಕೇತ ಕೊಡುತ್ತದೆ, ತಮಿಳು ತೆಲುಗು ತುಳುಗಳಲ್ಲಿ ಅದರ ನೆಂಟರು ಯಾರೆಂದು ಹೇಳುತ್ತದೆ. ಅತ್ತ ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದ ಸಮೀಪ ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, 1905ರದು. ರೈಸರ ದೊಡ್ಡ ಉಪಕಾರ ಪಾಠವನ್ನು ಅಚ್ಚು ಹಾಕಿದ್ದಷ್ಟೇ ಅಲ್ಲ. ಜಿಲ್ಲೆ, ತಾಲೂಕು, ತಾಲೂಕಿನೊಳಗೆ ಕ್ರಮಸಂಖ್ಯೆ, ಕಲ್ಲು ಇರುವ ಊರು, ಊರಿನಲ್ಲಿ ಅದು ನಿಂತಿರುವ ಜಾಗ ಎಂದು ಪ್ರತಿಯೊಂದಕ್ಕೂ ವಿಳಾಸ ಬರೆದರು. ರೋಮನ್ ಲಿಪಿಯಲ್ಲಿ ಕೊಟ್ಟ ಪಾಠದಲ್ಲಿ ಟಕಾರ ತಕಾರಗಳು ಬೆರೆಯದಂತೆ ಅಕ್ಷರದ ಕೆಳಗೆ ಚುಕ್ಕೆ ಇಟ್ಟರು. ಅಟ್ಟೂರು ಅತ್ತೂರಾಗದಂತೆ ಕಾಯುತ್ತಿದ್ದದ್ದು ಆ ಚುಕ್ಕೆ. ಗಣಕಕ್ಕೆ ಬಂದಾಗ ನಾವು ಮೊದಲು ಉದುರಿಸಿದ್ದು ಅದನ್ನೇ.

ಈ ಪರಂಪರೆಯ ಶಿಖರ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆಯಿತು. ಕನ್ನಡ ಸಾಹಿತ್ಯ ಪರಿಷತ್ತು 1940ರ ದಶಕದಲ್ಲಿ ಕೈಗೆತ್ತಿಕೊಂಡ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ ಹೊರಬಂದವು. ಡಿ.ಎಲ್. ನರಸಿಂಹಾಚಾರ್ಯರಂಥವರು ಅಡಿಪಾಯ ಹಾಕಿದ ಈ ಕೆಲಸವನ್ನು ಪ್ರೊ. ಜಿ. ವೆಂಕಟಸುಬ್ಬಯ್ಯನವರು ಮುಂದೆ ನಿಂತು ನಡೆಸಿದರು. ಕೆಲಸದ ಬಗೆ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿಣ. ಕಾವ್ಯ, ಶಾಸ್ತ್ರಗ್ರಂಥ, ಶಾಸನಗಳನ್ನು ಸಾಲುಸಾಲಾಗಿ ಓದಬೇಕು. ಪದ ಸಿಕ್ಕಿದ ಕಡೆಯೆಲ್ಲ ಒಂದು ಚೀಟಿ: ಮೇಲೆ ಪದ, ಅದರ ವ್ಯಾಕರಣ ವಿಶೇಷ, ಅರ್ಥ, ಅದು ಬಂದಿರುವ ವಾಕ್ಯ, ಆಕರಗ್ರಂಥ, ಆಶ್ವಾಸ, ಪದ್ಯಸಂಖ್ಯೆ. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ, ಕಾಲಕ್ರಮದಲ್ಲಿ ಅರ್ಥಗಳನ್ನು ಬಿಡಿಸಬೇಕು. ಇವತ್ತು ಆ ಸಂಪುಟ ತೆರೆದು ಯಾವ ಪದ ನೋಡಿದರೂ, ಅದು ಪಂಪನಲ್ಲಿ ಯಾವ ಅರ್ಥದಲ್ಲಿತ್ತು, ಕುಮಾರವ್ಯಾಸನ ವೇಳೆಗೆ ಏನಾಯಿತು ಎಂದು ಬೆರಳಿಟ್ಟು ತೋರಿಸುತ್ತದೆ.

ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ಅದೇ ವರ್ಷ ಇಟಲಿಯಲ್ಲಿ ರೊಬೆರ್ತೊ ಬೂಸಾ ಎಂಬ ಇನ್ನೊಬ್ಬ ಚೀಟಿಪ್ರಿಯರೂ ಹುಟ್ಟಿದರು. ಜೆಸುಯಿಟ್ ಪಾದ್ರಿಯಾದ ಬೂಸಾ ಅವರಿಗೆ ಸಂತ ಥಾಮಸ್ ಅಕ್ವಿನಾಸರ ಬರಹದಲ್ಲಿ ದೇವರ ಸಾನ್ನಿಧ್ಯದ ಕಲ್ಪನೆ ಹೇಗಿದೆಯೆಂದು ತಿಳಿಯಬೇಕಾಗಿತ್ತು. ಸಾನ್ನಿಧ್ಯ ಎಂಬರ್ಥದ ಪದಗಳನ್ನೇ ಹುಡುಕಿಕೊಂಡು ಹೋದರೆ ಹೆಚ್ಚೇನೂ ಹೊಳೆಯಲಿಲ್ಲ. ಗುಟ್ಟು ಅಡಗಿದ್ದದ್ದು ಲ್ಯಾಟಿನ್ನಿನ ‘ಇನ್’ ಎಂಬ ಪುಟ್ಟ ಪದದಲ್ಲಿ, ಅಂದರೆ ನಮ್ಮ ‘ಒಳಗೆ’, ‘ಅಲ್ಲಿ’ ಎಂಬರ್ಥದ ಪದದಲ್ಲಿ. ಅದೊಂದಕ್ಕೇ ಕೈಯಾರೆ ಸುಮಾರು 10,000 ಚೀಟಿಗಳನ್ನು ಬರೆದರು. ಉಳಿದ ಪದಗಳಿಗೂ ಹೀಗೆ ಬರೆಯಲು ಒಂದು ಜನ್ಮ ಸಾಲದೆಂದು ಕಂಡು, 1949ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ನರನ್ನು ಕಂಡರು. ರಂಧ್ರ ಕೊರೆದ ಕಾರ್ಡುಗಳಿಂದ ಆರಂಭವಾದ ಆ ಪದಸೂಚಿ 56 ಸಂಪುಟಗಳಾಗಿ ಮುದ್ರಣ ಮುಗಿಸುವ ಹೊತ್ತಿಗೆ 1980 ಬಂದಿತ್ತು. ಬೂಸಾ 2011ರಲ್ಲಿ, ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡರು. ಚೀಟಿ ಬರೆಯುವ ಕೆಲಸ ಆಯುಸ್ಸಿಗೆ ಒಳ್ಳೆಯದೋ ಏನೋ!

ಬೂಸಾ ಕಂಡುಕೊಂಡ ಸತ್ಯ ಕನ್ನಡದ ಮಟ್ಟಿಗೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಇಂಗ್ಲಿಷಿಗೆಂದು ಕಟ್ಟಿದ ಶೋಧಕ ಯಂತ್ರಗಳಲ್ಲಿ ‘ಇನ್’, ‘ಆಫ್’ ಮುಂತಾದ ಸಣ್ಣ ಪದಗಳನ್ನು ಹೊಟ್ಟೆಂದು ತೂರಿಬಿಡುವ ರೂಢಿ ಬಹುಕಾಲ ಇತ್ತು. ಕನ್ನಡದಲ್ಲಿ ಅವು ಪ್ರತ್ಯೇಕ ಪದಗಳೇ ಅಲ್ಲ, ವಿಭಕ್ತಿ ಪ್ರತ್ಯಯಗಳು. ಊರು, ಊರಿನ, ಊರಿಗೆ, ಊರಲ್ಲಿ, ಊರಿಂದ, ಊರೇ, ಊರೂ ಎಂದು ಒಂದೇ ಪದ ಹತ್ತಾರು ವೇಷ ಹಾಕುತ್ತದೆ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ. ಆದ್ದರಿಂದ ಬಾಲ ಕತ್ತರಿಸಿ ‘ಊರು’ ಎಂಬ ಒಂದೇ ಖಾತೆಗೆ ಸೇರಿಸುವ ಉಪಾಯ ಮಾಡುತ್ತಾರೆ. ಹುಡುಕುವುದೇನೋ ಸುಲಭವಾಗುತ್ತದೆ. ಆದರೆ ಊರಿಗೆ ದಾನ ಬಂತೇ, ಊರಿಂದ ಸೈನ್ಯ ಹೊರಟಿತೇ, ಊರೊಳಗೆ ಕಾಳಗವಾಯಿತೇ ಎಂಬುದನ್ನು ಹೇಳುತ್ತಿದ್ದದ್ದು ಆ ಬಾಲವೇ. ಕತ್ತರಿಸಿದ ಬಾಲವನ್ನು ಎಸೆಯದೆ ಅದೇ ಪದದ ಚೀಟಿಯಲ್ಲಿ ಬರೆದಿಟ್ಟರೆ ಎರಡೂ ಉಳಿದಾವು. ತಂತ್ರಜ್ಞರಿಗೆ ಇದು ಕಷ್ಟದ ಮಾತಲ್ಲ. ಕನ್ನಡ ಬಲ್ಲವರು ಪಕ್ಕದಲ್ಲಿ ಕುಳಿತು ಹೇಳಬೇಕು, ಅಷ್ಟೆ.

ಅಟ್ಟೂರಿನ ಸುತ್ತಮುತ್ತಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ದೂರದ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ ಕಾದಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕ. ಲಿಪಿಯನ್ನು ನೋಡಿ ಅದರ ಕಾಲ ಸುಮಾರು ಕ್ರಿ.ಶ. 750 ಎಂದಿದ್ದಾರೆ, ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದನ್ನೇ ಅತಿ ಹಳೆಯದೆಂದು ಎಣಿಸುತ್ತಾರೆ. ಆ ಕಲ್ಲಿನಲ್ಲಿ ‘ಹೆಬ್ಬಾಳ’ ಎಂಬ ಹೆಸರಿಲ್ಲ. ಇರುವುದು ‘ಪೆರ್ಬೊೞಲ್ ನಾಡು ಮೂವತ್ತು’. ಪೊೞಲ್ ಎಂದರೆ ಪಟ್ಟಣ. ಪಕಾರ ಹಕಾರವಾಗಿ, ‘ೞ’ ಸವೆದು ಇಂದಿನ ರೂಪಕ್ಕೆ ಬಂದಿದೆ. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ. ಹಳಗನ್ನಡ ಓದಿದವರಿಗೆ ಇದು ಕ್ಷಣದ ಕೆಲಸ. ಆದರೆ ‘ಹೆಬ್ಬಾಳ’ ಎಂದು ಕೇಳಿದ ಯಂತ್ರಕ್ಕೆ ಆ ಕಲ್ಲು ಕಾಣುವುದೇ ಇಲ್ಲ, ‘ಇದೇ ಅದು’ ಎಂದು ಯಾರಾದರೂ ಪದದ ಬೆನ್ನಿಗೆ ಬರೆದಿಡುವವರೆಗೆ. ಯಲಹಂಕದ ಕಥೆಯೂ ಇಷ್ಟೇ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಅದು ಇಲೈಪಾಕ್ಕ ನಾಡು, ಮುಂದೆ ಎಲಹಕ್ಕ, ಆಮೇಲೆ ಯಲಹಂಕ. ಭಾಷೆಯೇ ಬೇರೆ, ಲಿಪಿಯೇ ಬೇರೆ, ನೆಲ ಮಾತ್ರ ಒಂದೇ.

ಒಂದು ಪದದ ವಿಳಾಸ ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದಕ್ಕೆ ನಗರದ ದಕ್ಷಿಣದ ತುದಿಯ ಬೇಗೂರು ಸಾಕ್ಷಿ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕಥೆಯನ್ನು ಕೇಳದವರಾರು? ಆರ್. ನರಸಿಂಹಾಚಾರ್ಯರು 1915ರ ಸುಮಾರಿಗೆ ಬೇಗೂರಿನ ದೇವಾಲಯದಲ್ಲಿ ಓದಿದ, 9ನೆಯ ಶತಮಾನದ ಕೊನೆಗೆ ಸೇರುವ ವೀರಗಲ್ಲಿನಲ್ಲಿ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿ ಬೆಂಗಳೂರ ಕಾಳೆಗದಲ್ಲಿ ಸತ್ತನೆಂದಿದೆ. ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಮಾತು. ಇಲ್ಲಿ ‘ಬೆಂಗಳೂರು’ ಎಂಬ ಪದವೊಂದೇ ಸಿಕ್ಕಿದ್ದರೆ ಪ್ರಯೋಜನವಿರಲಿಲ್ಲ. ಅದರ ಪಕ್ಕದ ಪದ ಕಾಳೆಗ ಎಂಬುದು, ಕಲ್ಲು ನಿಂತ ಊರು, ಅಕ್ಷರದ ವಯಸ್ಸು, ಈ ಮೂರೂ ಜೊತೆಗಿದ್ದುದರಿಂದ ಒಂದು ಮಹಾನಗರದ ಹೆಸರಿನ ಚರಿತ್ರೆ ಬದಲಾಯಿತು. ಮುದುಕಿಯ ಕಥೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಆ ಮಾತು ಬೇರೆ.

ಗಣಕಯುಗದಲ್ಲಿ ಕನ್ನಡದ ಕೆಲಸ ಏನೂ ಆಗಿಲ್ಲವೆಂದು ತಿಳಿಯಬಾರದು. ಕರ್ನಾಟಕ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯವನ್ನು ಆಧಾರವಾಗಿಟ್ಟುಕೊಂಡು ಉತ್ಸಾಹಿ ತಂತ್ರಜ್ಞರು 2013ರಲ್ಲಿ ‘ವಚನ ಸಂಚಯ’ವನ್ನು ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದವನ್ನು ಕೇಳಿದರೆ ಅದು ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ, ಯಾವ ಸಾಲಿನಲ್ಲಿ ಬಂದಿದೆ ಎಂದು ಎದುರಿಗಿಡುತ್ತದೆ. ವಚನಗಳಿಗೆ ಇದರಲ್ಲಿ ಒಂದು ಅನುಕೂಲವೂ ಇತ್ತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಶರಣರು ತಮ್ಮ ವಿಳಾಸವನ್ನು ಅಂಕಿತವಾಗಿ ವಚನದೊಳಗೇ ನೇಯ್ದಿದ್ದರು. ಸೂಕ್ತಿಸುಧಾರ್ಣವದ ಕವಿಗಳಿಗೆ ಇಲ್ಲದ ಭಾಗ್ಯ ಅದು.

ಒಂದು ತಪ್ಪು ಚೀಟಿ ಎಷ್ಟು ಕಾಲ ಉಳಿದೀತು ಎಂಬುದಕ್ಕೂ ಕನ್ನಡದಲ್ಲೇ ಉದಾಹರಣೆಯಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ‘ೞ’ ಅಕ್ಷರವೂ ಇದೆ. ಆದರೆ ಅದರ ಹೆಸರಿನ ಜಾಗದಲ್ಲಿ ಯಾರೋ ‘ಫ’ ಎಂದು ಬರೆದುಬಿಟ್ಟರು. ಪಟ್ಟಿಗೆ ಒಮ್ಮೆ ಸೇರಿದ ಹೆಸರನ್ನು ಮತ್ತೆ ಬದಲಿಸಕೂಡದೆಂಬುದು ಅಲ್ಲಿನ ನಿಯಮ. ಆದ್ದರಿಂದ ಇದು ತಪ್ಪು ಹೆಸರು, ಸರಿಯಾದದ್ದು ಇಂಥದು ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ ಸಮಾಧಾನಪಟ್ಟುಕೊಂಡಿದ್ದಾರೆ. ಕೇಶಿರಾಜ ಅಷ್ಟು ಕಾಳಜಿಯಿಂದ ಕಾಪಾಡಿದ ಅಕ್ಷರ ಗಣಕದೊಳಗೆ ಪರರ ಹೆಸರಿನಲ್ಲಿ ಬದುಕುತ್ತಿದೆ.

ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿದೆ. ರೈಸರ ಸಂಪುಟದಲ್ಲಿ ಹೆಸರಿರುವ ಕಲ್ಲುಗಳನ್ನು ಹುಡುಕಿಕೊಂಡು ಹೋದರೆ ಕೆಲವು ನಿಂತಲ್ಲೇ ಇವೆ. ಕೆಲವು ರಸ್ತೆಯ ಕೆಳಗೋ ಕಟ್ಟಡದ ತಳಪಾಯಕ್ಕೋ ಹೋಗಿವೆ. ಅಂಥವುಗಳ ಪಾಲಿಗೆ ಉಳಿದಿರುವುದು 1905ರ ಆ ವಿಳಾಸ ಮಾತ್ರ. ಸ್ಕ್ಯಾನ್ ಆದ ಕಲ್ಲುಗಳಿಂದ ಒಂದೊಂದೇ ಅಕ್ಷರದ ಚಿತ್ರವನ್ನು ಬಿಡಿಸಿ, ಅದು ಯಾವ ಶಾಸನದ್ದು, ಯಾವ ಕಾಲದ್ದು ಎಂಬ ವಿವರದೊಂದಿಗೆ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶದಲ್ಲಿ ಸೇರಿಸಿದ್ದಾರೆ. ಅಲ್ಲಿ ಚೀಟಿ ಪದದ ಬೆನ್ನಿನಿಂದ ಅಕ್ಷರದ ಬೆನ್ನಿಗೆ ಬಂದಿದೆ.